ತನ್ನ ಕಸ ಸ್ಕ್ರಿಪ್ಟೇ ಗುಡಿಸಲಿ: ನನ್ನ ಅನುಭವ

ಡಿಸ್ಕ್ ತುಂಬಿ ರಾತ್ರಿ ಬ್ಯಾಕಪ್ ನಿಂತಿದ್ದು ಒಂದೆರಡು ಸಲ ಅಲ್ಲ. ಪ್ರತಿ ಸಲವೂ ಟೆಂಪ್ (ತಾತ್ಕಾಲಿಕ ಫೈಲ್‌ಗಳ) ಫೋಲ್ಡರ್ ನೋಡಿದರೆ ನನ್ನದೇ ಶೆಲ್ ಸ್ಕ್ರಿಪ್ಟ್‌ಗಳು (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್‌ಗಳು) ಬಿಟ್ಟುಹೋದ ಫೈಲ್‌ಗಳ ರಾಶಿ, ಸುಮಾರು 40 ಜಿಬಿ. ಮೊದಲೆರಡು ಸಲ ದುಡ್ಡು ಕೊಟ್ಟು ಡಿಸ್ಕ್ ದೊಡ್ಡದು ಮಾಡಿಸಿದೆ. ತಿಂಗಳ ಬಿಲ್ ಹತ್ತಿರಹತ್ತಿರ ಎರಡರಷ್ಟಾಯಿತು, ಕಸಕ್ಕೆ ಜಾಗ ಜಾಸ್ತಿ ಸಿಕ್ಕಿತು ಅಷ್ಟೇ.

ಸ್ಕ್ರಿಪ್ಟ್ ತನ್ನ ಕಸ ತಾನೇ ಗುಡಿಸಬೇಕು ಅಂದಾಗ ಜೊತೆಯವರು ನಕ್ಕರು. ‘ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ, ಫೈಲ್ ಹುಡುಕುವ ಫೈಂಡ್ ಕಮಾಂಡಿನ ಒಂದು ಸಾಲು ಹಾಕಿ ಹಳೇದೆಲ್ಲ ಅಳಿಸು, ಮುಗೀತು.’ ಹಾಕಿದೆ. ಮೂರು ದಿನ ಓಡುವ ಕೆಲಸವೊಂದರ ಫೈಲ್ ನಡುವೆಯೇ ಮಾಯ! ಮತ್ತೆ ಮೊದಲಿಂದ ಓಡಿಸಿದ್ದಾಯಿತು, ಮಷೀನ್ ಬಾಡಿಗೆ ಎರಡೆರಡು ಸಲ ತೆತ್ತಿದ್ದಾಯಿತು.

ಇನ್ನೊಂದು ಎಡವಟ್ಟು ಹೆಸರಿನದು. ಫೈಲ್‌ಗೆ ಡಾಲರ್ ಡಾಲರ್ ($$, ಓಡುತ್ತಿರುವ ಸ್ಕ್ರಿಪ್ಟ್‌ನ ಪ್ರೋಸೆಸ್ ನಂಬರ್) ಅಂಟಿಸಿ ಹೆಸರಿಡುತ್ತಿದ್ದೆ. ಆ ಪ್ರೋಸೆಸ್ ನಂಬರ್ ನನ್ನ ಮಷೀನ್‌ನಲ್ಲಿ 32768ರ ಹತ್ತಿರ ಹೋಗಿ ತಿರುಗಿ ಮೊದಲಿಂದ ಶುರುವಾಗುತ್ತದೆ ಅಂತ ಗೊತ್ತಿತ್ತು, ಆದರೆ ನನಗೇ ಬಂದು ವಕ್ಕರಿಸುತ್ತದೆ ಅಂದುಕೊಂಡಿರಲಿಲ್ಲ. ಹೋದ ವಾರದ ಫೈಲ್‌ನ ಬಾಲಕ್ಕೆ ಇವತ್ತಿನ ಡೇಟಾ ಸೇರಿ ವರದಿಯ ಮೊತ್ತ ಎದ್ವಾತದ್ವಾ. ಆ ತಿಂಗಳ ದುಡ್ಡಲ್ಲಿ ಗ್ರಾಹಕರು ಒಂದಿಷ್ಟು ಹಿಡಿದುಕೊಂಡರು.

ಈಗಿನ ದಾರಿ ಸರಳ. ಸ್ಕ್ರಿಪ್ಟ್‌ಗೆ ಒಂದೇ ಫೋಲ್ಡರ್, ಎಂಕೆಟೆಂಪ್ ಮೈನಸ್ ಡಿ (mktemp -d, ಬೇರೆಲ್ಲೂ ಇಲ್ಲದ ಹೆಸರಿನ ತಾತ್ಕಾಲಿಕ ಫೋಲ್ಡರ್ ಮಾಡುವ ಕಮಾಂಡ್). ಅದು ಸೋತರೆ ಅಲ್ಲೇ ಎಕ್ಸಿಟ್. ಗೆದ್ದರೆ ಮರುಸಾಲಿನಲ್ಲೇ ಎಕ್ಸಿಟ್‌ಗೆ ಟ್ರ್ಯಾಪ್, ಅಂದರೆ ಸ್ಕ್ರಿಪ್ಟ್ ಮುಗಿಯುವಾಗ ತಾನಾಗಿ ಓಡಿ ಕಸ ಅಳಿಸುವ ಸಾಲು. ಈ ಕ್ರಮ ದುಬಾರಿ ಪಾಠ. ಮೊದಲು ಟ್ರ್ಯಾಪನ್ನೇ ಮೇಲೆ ಇಟ್ಟಿದ್ದೆ. ಒಂದು ದಿನ ಡಿಸ್ಕ್ ತುಂಬಿ ಎಂಕೆಟೆಂಪ್ ಸೋತಿತು, ಫೋಲ್ಡರ್ ಹೆಸರಿರಬೇಕಾದ ವೇರಿಯಬಲ್ ಖಾಲಿ, ಅದರ ಮುಂದೆ ಸ್ಲ್ಯಾಶ್ ಸ್ಟಾರ್, ಹಿಂದೆ ಆರ್‌ಎಂ ಮೈನಸ್ ಆರ್‌ಎಫ್, ಅಂದರೆ ಡಿಸ್ಕಲ್ಲಿರೋದೆಲ್ಲ ಅಳಿಸು ಅಂತ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಓಡಿಸಿರಲಿಲ್ಲ, ಬಚಾವ್. ಆದರೂ ನಿಲ್ಲಿಸೋಕೆ ಕಂಟ್ರೋಲ್ ಸಿ ಒತ್ತುವಷ್ಟರಲ್ಲಿ ನನ್ನ ಹೋಮ್ ಫೋಲ್ಡರ್ ಅರ್ಧ ಖಾಲಿ.

ಆಮೇಲೂ ಕೆಲವು ಸ್ಕ್ರಿಪ್ಟ್ ಕಸ ಬಿಡುತ್ತಲೇ ಇದ್ದವು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಯಾವ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಅಂತ ಹೇಳುವ ಮೊದಲ ಸಾಲು ಕಣ್ಣಿಗೆ ಬಿತ್ತು, ಬ್ಯಾಶ್ ಅಲ್ಲ, ಬರೀ ಎಸ್‌ಎಚ್. ಉಬುಂಟುವಿನಲ್ಲಿ ಅದು ಡ್ಯಾಶ್ ಅನ್ನೋ ಬೇರೆ ಶೆಲ್, ಕಂಟ್ರೋಲ್ ಸಿ ಒತ್ತಿದರೆ ಎಕ್ಸಿಟ್ ಟ್ರ್ಯಾಪ್ ಓಡುವುದಿಲ್ಲ.

ಈ ಸಾಲುಗಳನ್ನು ಎಲ್ಲ ಕಡೆ ಬರೆಯೋದು ಬೇಜಾರು ಅಂತ ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಬ್ಯಾಶ್ ಓದುವ ಫೈಲ್) ಫಂಕ್ಷನ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟೆ. ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಿಂದ ಓಡಿಸಿದರೆ ‘ಕಮಾಂಡ್ ಸಿಗಲಿಲ್ಲ’. ಕ್ರಾನ್ ಆ ಫೈಲ್ ಓದೋದೇ ಇಲ್ಲ, ಅಲ್ವಾ. ಜೊತೆಗೆ ‘ಫಂಕ್ಷನ್ ರೆಡಿ’ ಅಂತ ತೋರಿಸುವ ಒಂದು ಎಕೋ ಸಾಲು ಸುಮ್ನೆ ಹಾಕಿದ್ದೆ, ಅದರಿಂದ ಮಷೀನ್‌ಗಳ ನಡುವೆ ಫೈಲ್ ಕಾಪಿ ಮಾಡುವ ಎಸ್‌ಸಿಪಿ ಕೆಟ್ಟಿತು. ಕೊನೆಗೆ ಫಂಕ್ಷನ್ ಬೇರೆ ಫೈಲ್‌ಗೆ ಹೋಯಿತು, ಪ್ರತಿ ಸ್ಕ್ರಿಪ್ಟ್ ಅದನ್ನು ಸೋರ್ಸ್ ಮಾಡುತ್ತದೆ, ಅಂದರೆ ತನ್ನೊಳಗೆ ಓದಿಕೊಳ್ಳುತ್ತದೆ.

ನಡುವೆ ವೇಗದ ಆಸೆಗೆ ಟೆಂಪನ್ನು ಟಿಎಂಪಿಎಫ್ಎಸ್‌ಗೆ (ಡಿಸ್ಕ್ ಬದಲು ರ‍್ಯಾಮ್‌ನಲ್ಲಿ ಫೈಲ್ ಇಡುವ ವ್ಯವಸ್ಥೆ) ಹಾಕಿ ನೋಡಿದೆ. ದೊಡ್ಡ ಸಾರ್ಟ್‌ಗೆ ರ‍್ಯಾಮ್ ಸಾಲದೆ ಕರ್ನಲ್ ಸ್ಕ್ರಿಪ್ಟನ್ನೇ ಕೊಂದಿತು. ಅದು ಕಿಲ್ ಮೈನಸ್ 9ರ, ಅಂದರೆ ತಡೆಯೋಕೇ ಆಗದ ಸಾವು, ಟ್ರ್ಯಾಪ್ ಓಡಲ್ಲ, ಕಸ ರ‍್ಯಾಮ್‌ನಲ್ಲೇ ಕೂತಿತು. ಹಾಗೆ ಸತ್ತವರ ಕಸ ಮುಂದಿನ ಓಟದಲ್ಲಿ ಗುರುತು ಹಿಡಿಯೋಕೆ ಫೋಲ್ಡರ್ ಹೆಸರಿನಲ್ಲೇ ನನ್ನದೊಂದು ಉಪಾಯ ಇದೆ. ಅದನ್ನು ಹೇಳಲ್ಲ.

ಈಗ ಟೆಂಪ್ 200 ಎಂಬಿ ದಾಟಿದ್ದು ನೋಡಿಲ್ಲ. ಹಿಗ್ಗಿಸಿದ ಡಿಸ್ಕ್ ಕುಗ್ಗಿಸೋಕೆ ಮಷೀನ್ ಬಾಡಿಗೆಗೆ ಕೊಟ್ಟವರು ಬಿಡಲಿಲ್ಲ, ಚಿಕ್ಕದೊಂದು ಹೊಸದಾಗಿ ತಗೊಂಡು ಎಲ್ಲ ಕಾಪಿ ಮಾಡಿದೆ. ಬಿಲ್ ಹಳೇ ಲೆಕ್ಕಕ್ಕೆ ಬಂದಿದೆ. ನಕ್ಕವರಲ್ಲಿ ಇಬ್ಬರು ಆ ಸೋರ್ಸ್ ಫೈಲ್ ಕೇಳಿದ್ದಾರೆ, ಇನ್ನೂ ಕೊಟ್ಟಿಲ್ಲ.