ಇಂಗ್ಲೆಂಡ್ ಮನೇಲಿ ಬೇಡದ ಬಾಗಿಲಿಗೆ ಇಟ್ಟಿಗೆ ಕಟ್ಟಿಸೋಕೆ ಮುಂಚೆ

ಇಲ್ಲಿ ಹಳೇ ಮನೆ ತಗೊಂಡ ನಮ್ಮೋರು ಬಾಗಿಲು ಮುಚ್ಚಿಸೋಕೆ ಹೊರಡೋದು ವಾಸ್ತುಗೆ, ಇಲ್ಲಾಂದ್ರೆ ದೇವರ ಮನೆಗೋ ಬೀರುಗೋ ಒಂದು ಗೋಡೆ ಬೇಕು ಅಂತ. ಊರಲ್ಲಾದ್ರೆ ಗಾರೆ ಮೇಸ್ತ್ರಿನ ಕರೆದು ಮುಗಿಸಿಬಿಡ್ತೀವಿ. ಇಲ್ಲೂ ಕಟ್ಟೋ ಕೆಲಸ ದೊಡ್ಡದೇನಲ್ಲ, ಆದ್ರೆ ರಾತ್ರಿ ಬೆಂಕಿ ಬಿದ್ರೆ ಆ ಬಾಗಿಲಿಂದ ಯಾರು ಹೊರಗೆ ಓಡ್ತಿದ್ರು ಅಂತ ಮೊದಲು ನೋಡಲೇಬೇಕು.

ಹಾಲ್‌ವೇ ಕಡೆ ಬಾಗಿಲು ಮುಚ್ಚಿದ್ಮೇಲೆ ಒಂದು ರೂಮಿಂದ ಇನ್ನೊಂದು ರೂಮ್ ದಾಟಿಯೇ ಹೊರಗೆ ಬರ್ಬೇಕು ಅಂತಾದ್ರೆ ಅದನ್ನ ಇಲ್ಲಿ ಇನ್ನರ್ ರೂಮ್ ಅಂತಾರೆ. ಕಿಚನ್, ಬಾತ್‌ರೂಮ್, ಯುಟಿಲಿಟಿ ಹಾಗಿದ್ರೆ ಪರವಾಗಿಲ್ಲ. ಮಲಗೋ ರೂಮು, ಕೂರೋ ರೂಮು ಹಾಗಾದ್ರೆ ತಪ್ಪಿಸಿಕೊಳ್ಳೋಕೆ ಕಿಟಕಿ ಬೇಕು: ತೆರೆದಾಗ ಕನಿಷ್ಠ 0.33 ಚದರ ಮೀಟರ್ ಜಾಗ, ಅಗಲ ಎತ್ತರ ಎರಡೂ 450 ಮಿ.ಮೀ.ಗೆ ಕಮ್ಮಿ ಇರಬಾರದು, ಕಿಟಕಿ ತೆರೆಯೋ ಜಾಗದ ಕೆಳಗಿನ ಅಂಚು ನೆಲದಿಂದ 1100 ಮಿ.ಮೀ.ಗಿಂತ ಮೇಲಿರಬಾರದು. ಅಪ್ಪ ಅಮ್ಮ ಬಂದಾಗ ಕೆಳಗಿನ ರೂಮಲ್ಲೇ ಮಲಗಿಸ್ತೀವಲ್ಲ, ಮಂಡಿ ನೋವಿರೋ ಅವರು ಆ ಕಿಟಕಿ ಹತ್ತಿ ಇಳೀತಾರಾ ಯೋಚನೆ ಮಾಡಿ. ಕಾನೂನಿಗೆ ಸಾಕು ಅಂದ್ರೂ ಅಂಥ ರೂಮಿನ ಬಾಗಿಲು ಮುಚ್ಚಿಸ್ಬೇಡಿ ಅಂತಲೇ ನಾನು ಹೇಳ್ತೀನಿ, ವಾಸ್ತುಗೆ ಬೇರೆ ದಾರಿ ಹುಡುಕಬಹುದು. ಲಾಫ್ಟಲ್ಲಿ, ಅಂದ್ರೆ ಛಾವಣಿ ಕೆಳಗಿನ ಅಟ್ಟದಲ್ಲಿ, ರೂಮ್ ಮಾಡಿಸಿರೋ ಮನೆಗಳಲ್ಲಿ ಮೆಟ್ಟಿಲಿಂದ ಹೊರಬಾಗಿಲವರೆಗಿನ ದಾರೀನೂ ಬೆಂಕಿ ಲೆಕ್ಕದಲ್ಲೇ ಕಟ್ಟಿರ್ತಾರೆ, ಅಲ್ಲಿ ಕೈ ಹಾಕೋಕೆ ಮುಂಚೆ ಬಿಲ್ಡಿಂಗ್ ಕಂಟ್ರೋಲ್ ಅವ್ರನ್ನ, ಅಂದ್ರೆ ಕಟ್ಟಡ ಕೆಲಸ ನಿಯಮದ ಪ್ರಕಾರ ಇದೆಯಾ ಅಂತ ನೋಡೋರನ್ನ, ಕೇಳಿ.

ಪರ್ಮಿಷನ್ ವಿಷಯಕ್ಕೆ ಬಂದ್ರೆ, ಫ್ರೀಹೋಲ್ಡ್ ಮನೆ (ಜಾಗ ಕಟ್ಟಡ ಎರಡೂ ನಿಮ್ಮದೇ) ಒಳಗಿನ ಬಾಗಿಲಿಗೆ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಷನ್ ಬೇಡ. ಫ್ಲ್ಯಾಟ್ ಲೀಸ್‌ಹೋಲ್ಡ್, ಅಂದ್ರೆ ಇಷ್ಟು ವರ್ಷ ಅಂತ ಕರಾರಿನ ಮೇಲೆ ತಗೊಂಡಿದ್ದು ಆದ್ರೆ ಆ ಲೀಸ್ ಓದಿ, ಬದಲಾವಣೆಗೆ ಫ್ರೀಹೋಲ್ಡರ್ (ಜಾಗದ ಮೂಲ ಮಾಲೀಕ) ಬರೆದುಕೊಟ್ಟ ಒಪ್ಪಿಗೆ ಬೇಕು ಅಂತ ಇರೋದೇ ಹೆಚ್ಚು. ಲಿಸ್ಟೆಡ್, ಅಂದ್ರೆ ಪಾರಂಪರಿಕ ಕಟ್ಟಡ ಅಂತ ಪಟ್ಟಿಗೆ ಸೇರಿರೋ ಮನೆ ಆದ್ರೆ ಮಾತ್ರ ಒಳಗಿನ ಬಾಗಿಲಿಗೂ ಕೌನ್ಸಿಲ್ ಒಪ್ಪಿಗೆ ಬೇಕಾಗುತ್ತೆ, ಕೇಳದೇ ಮಾಡಿದ್ರೆ ಅದು ಕ್ರಿಮಿನಲ್ ಅಪರಾಧ, ದಂಡ ಕಟ್ಟಿ ಮರೆಯೋ ವಿಷಯ ಅಂದ್ಕೋಬೇಡಿ.

ಕಟ್ಟೋಕೆ ಮುಂಚೆ ಹೊಸ್ತಿಲ ಪಕ್ಕ ಒಂದೆರಡು ಹಲಗೆ ಎತ್ತಿಸಿ ನೋಡಿ. ವಿಕ್ಟೋರಿಯನ್ (ವಿಕ್ಟೋರಿಯಾ ರಾಣಿ ಕಾಲದ) ಮನೆಗಳಲ್ಲಿ ನೆಲ ಅಂದ್ರೆ ಹೆಚ್ಚಾಗಿ ಮರದ ತೊಲೆ ಮೇಲೆ ಹಲಗೆ, ಕೆಳಗೆ ಟೊಳ್ಳು. ಬಾಗಿಲ ಕೆಳಗೂ ಗೋಡೆ ತಳಪಾಯದಿಂದ ಎದ್ದು ಬಂದಿದ್ರೆ ಸರಿ, ಇಲ್ಲಾಂದ್ರೆ ಹಲಗೆ ಮೇಲೆ ಇಟ್ಟಿಗೆ ಏರಿಸೋದು ಬೇಡವೇ ಬೇಡ, ಮರದ ಫ್ರೇಮ್ ನಿಲ್ಲಿಸಿ ಪ್ಲಾಸ್ಟರ್‌ಬೋರ್ಡ್ ಹೊಡೆಸೋದೇ ವಾಸಿ.

ಬಾಗಿಲ ಕೆಳಗಿನ ಗೋಡೆ ಗಟ್ಟಿಯಿದ್ರೆ ಚೌಕಟ್ಟು ಪೂರ್ತಿ ತೆಗೆಸಿ, ಲಿಂಟಲ್ (ಬಾಗಿಲ ಮೇಲೆ ಗೋಡೆ ಭಾರ ಹೊರೋ ತೊಲೆ) ಮಾತ್ರ ಇದ್ದ ಹಾಗೇ ಇರ್ಲಿ. ಇಲ್ಲಿನ ಕಾಂಕ್ರೀಟ್ ಬ್ಲಾಕ್ 440 x 215 ಮಿ.ಮೀ., ಚದರ ಮೀಟರಿಗೆ ಹತ್ತು ಹಿಡಿಯುತ್ತೆ, ಮಾಮೂಲಿ ಒಳಬಾಗಿಲು 762 x 1981 ಮಿ.ಮೀ. ಇರೋದ್ರಿಂದ ಹದಿನೇಳು ಹದಿನೆಂಟು ತಂದ್ರೆ ಸಾಕು. ಹಳೇ ಗೋಡೆಗೂ ಹೊಸದಕ್ಕೂ ಬೆಸುಗೆ ಮುಖ್ಯ: ಹಳೇ ಇಟ್ಟಿಗೆ ಕಿತ್ತು ಹಲ್ಲು ಹಲ್ಲಾಗಿ ಜೋಡಿಸ್ಬೇಕು, ಇಲ್ಲಾ ಸ್ಟೀಲ್ ವಾಲ್ ಸ್ಟಾರ್ಟರ್ ಪಟ್ಟಿ ಸ್ಕ್ರೂ ಮಾಡಿ ಪ್ರತಿ ಸಾಲಿಗೂ ಟೈ (ಪಟ್ಟಿಗೂ ಹೊಸ ಗೋಡೆಗೂ ಹಿಡಿತ ಕೊಡೋ ಲೋಹದ ತುಂಡು) ಹಾಕಿಸ್ಬೇಕು, ಬರೀ ಗಾರೆ ಮೆತ್ತಿ ನಿಲ್ಲಿಸಿದ್ರೆ ಎರಡೂ ಪಕ್ಕ ಬಿರುಕು ಬಿಡುತ್ತೆ. ಲಿಂಟಲ್ ಕೆಳಗಿನ ಸಂದಿಗೆ ಗಟ್ಟಿ ಗಾರೆ ತುರುಕಿಸಿ.

ಹೊರಬಾಗಿಲಾದ್ರೆ ಕೆಲಸ ಜಾಸ್ತಿ. ಗೋಡೆ ಕ್ಯಾವಿಟಿ, ಅಂದ್ರೆ ನಡುವೆ ಸಂದಿ ಬಿಟ್ಟು ಎರಡು ಪದರ ಕಟ್ಟಿದ್ದು ಆದ್ರೆ ಹೊಸದೂ ಎರಡು ಪದರ, ನಡುವೆ ಇನ್ಸುಲೇಷನ್, ಕೆಳಗೆ ತೇವ ತಡೆಯೋ ಪದರ ಡಿಪಿಸಿ ಹಳೇದರ ಜೊತೆ ಕೂಡೋ ಹಾಗೆ ಬರ್ಬೇಕು, ಅದು ಹೊರಗಿನ ನೆಲದಿಂದ 150 ಮಿ.ಮೀ. ಆದ್ರೂ ಮೇಲಿರಲಿ. ಅಕ್ಕಪಕ್ಕ ಏರ್‌ಬ್ರಿಕ್ (ನೆಲದ ಕೆಳಗೆ ಗಾಳಿ ಆಡೋಕೆ ಇಟ್ಟ ತೂತಿನ ಇಟ್ಟಿಗೆ) ಇದ್ರೆ ಮುಚ್ಚಿಸ್ಬೇಡಿ, ನೆಲದ ಮರ ಕೊಳೆಯುತ್ತೆ. ಇದಕ್ಕೆ ಶುರು ಮಾಡೋ ಮುಂಚೆ ಬಿಲ್ಡಿಂಗ್ ಕಂಟ್ರೋಲ್‌ಗೆ ತಿಳಿಸಿ, ಮುಗಿದ ಮೇಲೆ ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ನಿಯಮದ ಪ್ರಕಾರ ಮುಗಿದಿದೆ ಅನ್ನೋ ಪತ್ರ) ಬಿಡದೇ ಇಸ್ಕೊಳ್ಳಿ, ಮನೆ ಮಾರೋವಾಗ ಕೊಳ್ಳೋರ ಸಾಲಿಸಿಟರ್ (ವಕೀಲರು) ಅದನ್ನ ಕೇಳ್ತಾರೆ.