ನೀರಿನ ದಾರಿ ಹಿಡಿದು ವಿಜಯಪುರ: ಗೈಡ್ ಕೆಲಸದಲ್ಲಿ ನನ್ನ ಅನುಭವ

ದಿನಕ್ಕೆ ಒಂದೇ ಕುಟುಂಬ, ಗುಂಪು ಗಿಂಪು ಇಲ್ಲ, ನೀರು ಬಂದ ದಾರಿಯಲ್ಲಿ ಊರು ತೋರಿಸುತ್ತೇನೆ ಎಂದಾಗ ವಿಜಯಪುರದ ಗೈಡುಗಳಲ್ಲಿ ಒಬ್ಬರೂ ಒಪ್ಪಿರಲಿಲ್ಲ. ನನಗೆ ಈ ಕೆಲಸ ಕಲಿಸಿದ ಹಿರಿಯರೇ ಗೋಳಗುಮ್ಮಟದ ಗೇಟಿನ ಮುಂದೆ ನಿಂತು, "ತಮ್ಮಾ, ಮಂದಿ ಗುಮ್ಮಟ ನೋಡಾಕ ಬರ್ತಾರ, ಗಟಾರ ನೋಡಾಕಲ್ಲ" ಅಂದಿದ್ದರು. ಈಗ ನವೆಂಬರಿನಿಂದ ಫೆಬ್ರವರಿವರೆಗೆ ನನ್ನ ಹತ್ತಿರ ಖಾಲಿ ದಿನ ಸಿಗುವುದು ಕಷ್ಟ. ಹೋದ ಚಳಿಗಾಲ ಆ ಹಿರಿಯರೇ ತಮ್ಮ ಬೀಗರನ್ನು ನನ್ನ ಜೊತೆ ಕಳಿಸಿದರು. ಬಾದಾಮಿ, ಬೀದರ್, ಹಂಪಿಯ ಗೆಳೆಯರು ಹೇಗೆ ಮಾಡಿದೆ ಎಂದು ಕೇಳುತ್ತಲೇ ಇದ್ದಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಲೈಸೆನ್ಸು, ಟಿಕೆಟ್ಟು, ಮಾತಿನ ವರಸೆ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಹಳೆಯ ಲೆಕ್ಕ ಹೀಗಿತ್ತು. ಗೇಟಿನಲ್ಲಿ ಗಿರಾಕಿ ಹಿಡಿದರೆ ಮುಕ್ಕಾಲು ಗಂಟೆಯ ರೌಂಡಿಗೆ ಮುನ್ನೂರು ನಾನೂರು ರೂಪಾಯಿ, ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ರೌಂಡು. 44 ಮೀಟರ್ ವ್ಯಾಸದ ಗುಮ್ಮಟ, ಒಳಗೆ ಮಹಮ್ಮದ್ ಆದಿಲ್‌ಶಾಹನ ಗೋರಿ, ಒಂದು ಚಪ್ಪಾಳೆ, ಏಳು ಪ್ರತಿಧ್ವನಿ, ಮುಗಿಯಿತು. ಸಂಜೆಗೆ ನನ್ನ ಗಂಟಲು ಹೋಗಿರುತ್ತಿತ್ತು, ಬಂದವರಿಗೆ ಊರು ಕಂಡಿರುತ್ತಿರಲಿಲ್ಲ. ಗುಮ್ಮಟದಿಂದ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನಿಗೆ, ಅಲ್ಲಿಂದ ಎರಡನೆಯ ಇಬ್ರಾಹಿಂ ಸುಲ್ತಾನನ ಗೋರಿ ಇಬ್ರಾಹಿಂ ರೋಜಾಕ್ಕೆ ಕಾರಿನಲ್ಲಿ ಓಡುವವರಿಗೆ ಎಲ್ಲವೂ ಬಿಡಿಬಿಡಿ ಕಲ್ಲುಕಟ್ಟಡ. ಇವನ್ನು ಪೋಣಿಸುವ ದಾರ ಬೇಕಿತ್ತು. ವಂಶಾವಳಿಯನ್ನೇ ದಾರ ಮಾಡಿ ನೋಡಿದೆ. ಮೂರನೆಯ ಸುಲ್ತಾನನ ಹೊತ್ತಿಗೆ ಮಕ್ಕಳು ಮೊಬೈಲ್ ತೆಗೆಯುತ್ತಿದ್ದರು. ನೀರಿನ ಮಾತು ಬೇರೆ. ಈ ಊರಿಗೆ ನದಿಯಿಲ್ಲ, ಕಾಲ ಕೆಳಗೆ ಬರೀ ಕರಿಕಲ್ಲು. ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯೊಳಗೆ ಅಷ್ಟು ಮಂದಿ ಏನು ಕುಡಿದು ಬದುಕಿದರು ಎಂದು ಕೇಳಿ ನೋಡಿ, ಎಂಟು ವರ್ಷದ ಹುಡುಗನೂ ತಲೆ ಎತ್ತುತ್ತಾನೆ.

ಗುಮ್ಮಟವನ್ನು ನಾನು ಬಿಟ್ಟಿಲ್ಲ, ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುತ್ತಲೇ ಒಳಗೆ ಹೋಗುತ್ತೇವೆ. ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿ ಮೇಲೆ ಹೋದರೆ ಮೊದಲು ಗ್ಯಾಲರಿಯೊಳಗೆ ಬಿಡುವುದಿಲ್ಲ. ಹೊರಗಿನ ತಾರಸಿಯ ಮೇಲೆ ನಿಲ್ಲಿಸಿ ದಿಕ್ಕು ತೋರಿಸುತ್ತೇನೆ. ಪಶ್ಚಿಮಕ್ಕೆ ತೊರವಿ ಹಳ್ಳಿ, ಮೊದಲು ನೀರು ಬಂದದ್ದು ಅಲ್ಲಿಂದ, ಸುರಂಗದಲ್ಲಿ. ದಕ್ಷಿಣಕ್ಕೆ ಬೇಗಂ ತಲಾಬ್ ಕೆರೆ, ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ್ದು. ಇಷ್ಟು ತಲೆಯಲ್ಲಿ ಕೂತರೆ ದಿನವಿಡೀ ನಕ್ಷೆ ಬೇಕಾಗುವುದಿಲ್ಲ.

ಗುಮ್ಮಟದ ಒಳಸುತ್ತಿನ ಪಿಸುಮಾತಿನ ಗ್ಯಾಲರಿಯ ಬಗ್ಗೆ ಸ್ವಲ್ಪ ವಿಷಯಾಂತರ ಮಾಡುತ್ತೇನೆ, ಯಾಕೆಂದರೆ ಇಲ್ಲಿ ನಾನು ಬಹಳ ದಿನ ಪ್ರಯೋಗ ಮಾಡಿದ್ದೇನೆ. ಈ ಗೋಡೆಯಿಂದ ಎದುರು ಗೋಡೆಗೆ 38 ಮೀಟರ್ ಹತ್ತಿರ. ಕಡ್ಡಿ ಗೀರುವುದು, ಕಾಗದ ಹರಿಯುವುದು, ಕೈಗಡಿಯಾರದ ಟಿಕ್ ಟಿಕ್, ಬಳೆ ಸದ್ದು ಎಲ್ಲ ನೋಡಿದೆ. ಕಾಗದ ಹರಿಯುವ ಸದ್ದಿಗೆ ಸರಿಸಾಟಿ ಯಾವುದೂ ಇಲ್ಲ, ಕಿವಿಯ ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಪಿಸುಮಾತಾದರೆ ಬಾಯಿಯನ್ನು ಗೋಡೆಗೆ ನೇರ ಹಿಡಿಯಬಾರದು, ಗೋಡೆಯುದ್ದಕ್ಕೂ ಸವರುವಂತೆ ಓರೆಯಾಗಿ ಆಡಬೇಕು. ಎಂಟು ಗಂಟೆಗೆ ಶಾಲಾ ಪ್ರವಾಸದ ಮೊದಲ ಬಸ್ಸು ಬಂದರೆ ಇದೆಲ್ಲ ಮುಗಿದಂತೆ, ಆಮೇಲೆ ಕೇಳುವುದು ಬರೀ ಕೂಗಾಟ. ಮಧ್ಯಾಹ್ನ ಕರೆದುಕೊಂಡು ಹೋಗುವ ಗೈಡು ಗುಮ್ಮಟದ ಅರ್ಧವನ್ನೂ ತೋರಿಸುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ನಾಷ್ಟಾ ಆದಮೇಲೆ ಬೇಗಂ ತಲಾಬಿನ ಕಡೆಯಿಂದ ಊರೊಳಗೆ ಬರುತ್ತೇವೆ. ನೀರು ಬಂದದ್ದು ಮಣ್ಣಿನ ಕೊಳವೆಗಳಲ್ಲಿ, ನೆಲದ ಕೆಳಗೆ. ಕೊಳವೆ ಕಾಣುವುದಿಲ್ಲ, ಕಾಣುವುದು ಗಂಜ್. ಊರಲ್ಲಿ ಅಲ್ಲಲ್ಲಿ ನಿಂತಿರುವ ಚೌಕದ ಕಲ್ಲು ಗೋಪುರಗಳಿವು. ಇಲ್ಲಿನ ಮಂದಿ ದಿನಾ ಹಾದುಹೋಗುತ್ತಾರೆ, ಏನೆಂದು ಕೇಳುವುದಿಲ್ಲ. ನೀರು ಇದರೊಳಗೆ ಮೇಲೇರಿ ಇಳಿಯುತ್ತಿತ್ತು, ಒತ್ತಡ ಮುರಿಯುತ್ತಿತ್ತು, ಹೂಳು ತಳದಲ್ಲಿ ಕೂರುತ್ತಿತ್ತು. ಒಂದು ಗಂಜ್ ಮನೆಯೊಂದರ ಹಿತ್ತಲಿಗೆ ಅಂಟಿಕೊಂಡಿದೆ. ಆ ಮನೆಯ ಅಜ್ಜಿ ನಾವು ಹೋದಾಗೆಲ್ಲ ಕೊಡ ಕೆಳಗಿಟ್ಟು ಬಂದು ನಿಲ್ಲುತ್ತಾರೆ. "ಬಾದಶಾನ ಕಾಲಕ್ಕ ದಿನಾ ನೀರ ಬರತಿತ್ತಂತ್ರಿ. ನಮ್ಮ ನಳಾ ಬರೂದು ವಾರಕ್ಕೊಮ್ಮಿ. ಬರ್ಕೊಳ್ರಿ ಇದನ್ನ" ಅನ್ನುತ್ತಾರೆ. ಬಂದವರು ಮನೆಗೆ ಹೋಗಿ ಮೆಸೇಜ್ ಹಾಕಿದರೆ ಗುಮ್ಮಟಕ್ಕಿಂತ ಮೊದಲು ಅಜ್ಜಿಯನ್ನು ಕೇಳುತ್ತಾರೆ. ಆ ಮನೆ ಯಾವ ಓಣಿಯಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ, ದಯವಿಟ್ಟು ಫೋನ್ ಮಾಡಿ ಕೇಳಬೇಡಿ.

ಅಲ್ಲಿಂದ ಅಸರ್ ಮಹಲ್. ಮುಂದಿನ ಕೊಳಕ್ಕೆ ನೀರು ಬೇಗಂ ತಲಾಬಿನದೇ, ಆದ್ದರಿಂದ ಕಥೆ ತಾನಾಗಿ ಕೂಡುತ್ತದೆ. ಪ್ರವಾದಿಯವರ ಗಡ್ಡದ ಕೂದಲು ಇಟ್ಟಿರುವ ಜಾಗ ಅದು, ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಇದನ್ನು ಬಾಗಿಲಲ್ಲಿ ಹೇಳಿದರೆ ಇಡೀ ದಿನದ ರುಚಿ ಕೆಡುತ್ತದೆ, ಬುಕಿಂಗ್ ಮಾಡುವಾಗಲೇ ಹೇಳಿಬಿಡುತ್ತೇನೆ. ಆಮೇಲೆ ಸಾತ್ ಮಂಜಿಲ್ ಅರಮನೆಯ ಎದುರಿನ ಜಲ ಮಂಜಿಲ್, ಸುತ್ತ ನೀರು ಇರಲೆಂದೇ ಕಟ್ಟಿದ ಪುಟ್ಟ ಮಂಟಪ, ಈಗ ಒಣನೆಲದ ಮೇಲೆ ನಿಂತಿದೆ. ಇಲ್ಲಿ ನಾನು ಮಾತಾಡುವುದಿಲ್ಲ, ಇದು ಯಾಕೆ ಇಲ್ಲಿದೆ ಎಂದು ಕೇಳಿ ಸುಮ್ಮನಾಗುತ್ತೇನೆ. ಬೆಳಗಿನಿಂದ ನೀರಿನ ಜಾಡಿನಲ್ಲಿ ಬಂದವರಲ್ಲಿ ಯಾರಾದರೊಬ್ಬರು ಉತ್ತರ ಹೇಳಿಯೇ ಹೇಳುತ್ತಾರೆ.

ಹನ್ನೆರಡರಿಂದ ಮೂರೂವರೆವರೆಗೆ ಪೂರ್ತಿ ಬಿಡುವು. ರೊಟ್ಟಿ ಊಟ, ನಿದ್ದೆ. ಈ ಬಿಡುವು ಇಡದೆ ಮೊದಲ ಸೀಸನ್ನಿನಲ್ಲಿ ಹಣ ಕಳೆದುಕೊಂಡಿದ್ದು ಕಡಿಮೆಯಲ್ಲ. ಮಧ್ಯಾಹ್ನ ಎರಡಕ್ಕೆ ಬುರುಜಿನ ಮೇಲೆ ನಿಲ್ಲಿಸಿದ ಮಂದಿ ರೂಮಿಗೆ ಬಿಡಿ ಎಂದು ಅರ್ಧಕ್ಕೇ ಎದ್ದರು, ಹಣವನ್ನೂ ಅರ್ಧವೇ ಕೊಟ್ಟರು. ಅದಕ್ಕೂ ಮುಂಚೆ ಕೋಟೆಗೋಡೆಯನ್ನು ಪೂರ್ತಿ ಸುತ್ತಿಸುವ ನಡಿಗೆ ಮಾಡಿ ನೋಡಿದ್ದೆ. ಮಕ್ಕಾ ಬಾಗಿಲಿನ ಆಚೆ ಒಬ್ಬರೂ ಬರಲಿಲ್ಲ. ಮೇಲಿನಿಂದ ತೆಗೆಸಿದ ಫೋಟೋಗಳನ್ನು ಲ್ಯಾಮಿನೇಟ್ ಮಾಡಿಸಿ ಕೈಗೆ ಕೊಟ್ಟೆ, ಐದಾರು ಸಾವಿರ ಹೋಯಿತು. ಮೊಬೈಲಿನಲ್ಲೇ ಎಲ್ಲ ಇರುವಾಗ ಅದನ್ನು ಯಾರು ನೋಡುತ್ತಾರೆ? ಕೊರಳಿಗೆ ಹಾಕುವ ಮೈಕು ತಂದೆ, ಅದೂ ಮೂಲೆಗೆ ಬಿತ್ತು. ನಾಲ್ಕು ಜನಕ್ಕೆ ಮೈಕು ಬೇಕಾಗಿಲ್ಲ.

ಹೆಚ್ಚು ಪೆಟ್ಟು ಕೊಟ್ಟದ್ದು ಕಮಿಷನ್. ಒಂದು ಹೋಟೆಲಿನವರು ಗಿರಾಕಿ ಕಳಿಸುತ್ತೇವೆ, ಮೂರನೇ ಒಂದು ಭಾಗ ಕೊಡಿ ಎಂದರು, ಒಪ್ಪಿದೆ. ಆದರೆ ಅವರು ಗಿರಾಕಿಗೆ ಹೇಳಿದ್ದು ಅರ್ಧ ದಿನ, ಸೀರೆ ಅಂಗಡಿ ಸೇರಿ. ಅಂಗಡಿಗೆ ಕರೆದುಕೊಂಡು ಹೋಗದ ಗೈಡಿಗೆ ಆಮೇಲೆ ಫೋನೇ ಬರಲಿಲ್ಲ. ಅಲ್ಲಿಂದ ಹೋಟೆಲಿನ ದಾರಿ ಬಿಟ್ಟೆ. ಬಂದವರೇ ಇನ್ನೊಬ್ಬರಿಗೆ ಹೇಳಬೇಕು ಎಂದು ಕೂತದ್ದಕ್ಕೆ ಆ ವರ್ಷದ ಸಂಪಾದನೆ ಹಳೆಯದರ ಅರ್ಧಕ್ಕೆ ಇಳಿಯಿತು. ಮನೆಯಲ್ಲಿ ಮಾತಾದವು. ಎರಡನೆಯ ಚಳಿಗಾಲದಲ್ಲಿ ಸರಿಸಮ, ಮೂರನೆಯದರಲ್ಲಿ ಹಳೆಯದಕ್ಕಿಂತ ಒಂದೂವರೆ ಪಟ್ಟು. ಈಗ ನಾಲ್ಕು ಜನರವರೆಗೆ ದಿನಕ್ಕೆ ಮೂರೂವರೆ ಸಾವಿರ, ಸಾವಿರ ಮುಂಗಡ. ಮುಂಗಡ ಇಟ್ಟ ಮೇಲೆ ಬೆಳಿಗ್ಗೆ ಆರಕ್ಕೆ ಯಾರೂ ತಡ ಮಾಡುವುದಿಲ್ಲ.

ನಾವು ಓಡಾಡುವ ಟಾಂಗಾದ ಹಣ ಬೇರೆ, ಏಳೆಂಟು ನೂರು, ಅದು ನೇರ ಟಾಂಗಾ ಹೊಡೆಯುವ ಕಾಕಾನ ಕೈಗೆ. ಆಟೋ, ಕಾರು, ಬಾಡಿಗೆ ಸೈಕಲ್ಲು ಎಲ್ಲ ನೋಡಿ ಟಾಂಗಾಕ್ಕೇ ಬಂದೆ. ಆಟೋದಲ್ಲಿ ಮಾತು ಕೇಳುವುದಿಲ್ಲ, ಕಾರಿನಲ್ಲಿ ಗಾಜು ಏರಿಸಿ ಕೂರುತ್ತಾರೆ. ಟಾಂಗಾ ಹೋಗುವ ವೇಗಕ್ಕೆ ಗಂಜ್ ಕಣ್ಣಿಗೆ ಬೀಳುತ್ತದೆ. ಕುದುರೆಗೂ ಮಧ್ಯಾಹ್ನದ ಬಿಡುವು ಸಿಗುತ್ತದೆ, ಕಾಕಾ ಒಪ್ಪಿದ್ದೇ ಅದಕ್ಕೆ.

ಸಂಜೆಯ ಭಾಗ ಪಶ್ಚಿಮದ್ದು. ಮೊದಲು ಮಲಿಕ್-ಎ-ಮೈದಾನ್ ತೋಪು, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ಎನ್ನುತ್ತಾರೆ. ಬಾಯಿ ತೆರೆದ ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಬಿದ್ದಿರುವುದನ್ನು ಮಕ್ಕಳೇ ಹುಡುಕಲಿ ಎಂದು ಬಿಡುತ್ತೇನೆ. ಎಲ್ಲ ಗೈಡುಗಳೂ ಹೇಳುವುದು ಇದರ ತೂಕ, ಎಳೆದ ಎತ್ತುಗಳ ಲೆಕ್ಕ. ನನಗೆ ಬೇಕಾದದ್ದು ಪಕ್ಕದ ನೀರಿನ ತೊಟ್ಟಿ. ಬತ್ತಿಗೆ ಕಿಡಿ ಕೊಟ್ಟವನು ಕಿವಿ ಉಳಿಸಿಕೊಳ್ಳಲು ಅದರಲ್ಲಿ ಮುಳುಗುತ್ತಿದ್ದ ಎಂದು ಊರಲ್ಲಿ ಹೇಳುತ್ತಾರೆ. ನೀರು ಇಲ್ಲಿಯೂ ಬಂತಲ್ಲ ಎಂದು ಮಂದಿಯೇ ನಗುತ್ತಾರೆ.

ಆಮೇಲೆ ತಾಜ್ ಬಾವಡಿ, ಊರಿನ ದೊಡ್ಡ ಬಾವಿ. 1620ರಲ್ಲಿ ಮಲಿಕ್ ಸಂದಲ್ ಇದನ್ನು ಕಟ್ಟಿದ್ದು ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ. ಕೆಲವು ವರ್ಷದ ಹಿಂದೆ ಹೂಳು, ಕಸ ತೆಗೆಯುವವರೆಗೆ ಇಲ್ಲಿ ಮೂಗು ಮುಚ್ಚಿಕೊಂಡೇ ನಿಲ್ಲಬೇಕಿತ್ತು. ಆಗಲೂ ನಾನು ಕರೆದುಕೊಂಡು ಬರುತ್ತಿದ್ದೆ. ದೊಡ್ಡ ಕಮಾನು, ಎರಡೂ ಬದಿಗೆ ಎಂಟು ಮೂಲೆಯ ಗೋಪುರ, ಕೆಳಗೆ ಹಸಿರು ನೀರು. ಇಲ್ಲಿಂದ ಇಬ್ರಾಹಿಂ ರೋಜಾಕ್ಕೆ ದಾರಿ ಹೆಚ್ಚಿಲ್ಲ, ಕಥೆಯೂ ಅದೇ. ಕಟ್ಟಿದವನು ಅದೇ ಮಲಿಕ್ ಸಂದಲ್, ಒಳಗೆ ಸುಲ್ತಾನನ ಜೊತೆ ಮಲಗಿರುವವಳು ಅದೇ ತಾಜ್ ಸುಲ್ತಾನ, ಗೋರಿಗೂ ಮಸೀದಿಗೂ ನಡುವೆ ಮತ್ತೆ ಕಾರಂಜಿಯ ಕೊಳ. ಕಲ್ಲಿನಲ್ಲಿ ಅಕ್ಷರವನ್ನೇ ಜಾಲರಿಯಾಗಿ ಕೊರೆದ ಕಿಟಕಿಗಳಿವೆ. ಬಿಸಿಲು ಇಳಿಯುವಾಗ ಅವನ್ನು ಎಲ್ಲಿ ನಿಂತು ನೋಡಬೇಕು ಎನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯಲಾರೆ.

ಮಳೆಗಾಲದಲ್ಲಿ ಕೆಲಸ ಇನ್ನೂ ಕಡಿಮೆಯೇ. ಅದಕ್ಕೆ ಈ ವರ್ಷ ತೊರವಿಯನ್ನು ಬೇರೆ ಅರ್ಧ ದಿನ ಮಾಡಿದ್ದೇನೆ. ಇಬ್ರಾಹಿಂ 1599ರಲ್ಲಿ ಶುರು ಮಾಡಿದ ಹೊಸ ಊರು ನವರಸಪುರ, 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಹಾಳುಗೆಡವಿದ್ದು, ಉಳಿದಿರುವ ಸಂಗೀತ ಮಹಲ್, ನರಸಿಂಹನ ಗುಡಿ, ನೀರಿನ ಸುರಂಗಕ್ಕೆ ಇಳಿಸಿದ ಬಾವಿಗಳ ಸಾಲು. ಒಂದು ಕುಟುಂಬಕ್ಕೆ ಎರಡು ಸಾವಿರ ಇಟ್ಟಿದ್ದೇನೆ. ಜುಲೈನಿಂದ ಈಚೆಗೆ ವಾರಕ್ಕೊಂದೆರಡು ಬುಕಿಂಗ್ ಬರುತ್ತಿವೆ, ಬಂದವರಲ್ಲಿ ಹೆಚ್ಚಿನವರು ಚಳಿಗಾಲದಲ್ಲಿ ನೀರಿನ ದಾರಿ ನೋಡಿ ಹೋದವರೇ.