ಚಂದ್ರಿಕೆಯ ಫೋಟೋ ಅಂಚಿನವರೆಗೂ ಸ್ಪಷ್ಟವಾಗಿ ಬಂದದ್ದು ಹೀಗೆ

ಶಿಡ್ಲಘಟ್ಟದ ಹತ್ತಿರ ನಮ್ಮ ಮಾವನವರು ರೇಷ್ಮೆ ಹುಳು ಸಾಕುವ ಹುಳುಮನೆ ಇದೆ. ಅಲ್ಲಿ ಓರೆಯಾಗಿ ನಿಲ್ಲಿಸಿದ ಚಂದ್ರಿಕೆಯ (ಹುಳುಗಳು ಗೂಡು ಕಟ್ಟುವ ತಟ್ಟಿಯ) ಫೋಟೋ ಹತ್ತಿರದಿಂದ ತೆಗೆದರೆ, ನಡುವಿನ ಕೆಲವು ಗೂಡು ಮಾತ್ರ ಸ್ಪಷ್ಟ. ಉಳಿದದ್ದೆಲ್ಲಾ ಮಬ್ಬು. ಲೆನ್ಸ್ ಒರೆಸಿದರೂ ಅಷ್ಟೇ.

ಕಾರಣ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ. ದುಬಾರಿ ಫೋನ್‌ಗಳಲ್ಲಿ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ದೊಡ್ಡದು, ಕಂಡಿಯೂ ಅಗಲ. ಕತ್ತಲಲ್ಲಿ ಇದು ನಿಜಕ್ಕೂ ವರ. ಆದರೆ ಹತ್ತಿರದ ವಸ್ತುವಿನಲ್ಲಿ ಸ್ಪಷ್ಟವಾಗಿ ಕಾಣುವ ಭಾಗ ತೀರಾ ತೆಳುವಾಗುತ್ತದೆ. ಅದಕ್ಕೇ ಕೆಲವು ಫೋನ್‌ಗಳಲ್ಲಿ ಕಂಡಿಯನ್ನು ಕಿರಿದು ಮಾಡಬಹುದು. 2018ರ ಗ್ಯಾಲಕ್ಸಿ ಎಸ್9ರಲ್ಲಿ ಎಫ್/1.5 ಮತ್ತು ಎಫ್/2.4 ಎರಡೇ ಹಂತ ಇದ್ದವು. ಶಿಯೋಮಿ 14 ಅಲ್ಟ್ರಾದಲ್ಲಿ ಎಫ್/1.63ರಿಂದ ಎಫ್/4ರವರೆಗೆ ಹೊಂದಿಸಬಹುದು. ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು.

ನನ್ನ ಫೋನಿನಲ್ಲೂ ಈ ಸೌಲಭ್ಯ ಇದೆ. ಆಟೋ ಮೋಡ್ ಮಾತ್ರ ಹುಳುಮನೆಯ ಮಂದ ಬೆಳಕು ನೋಡಿ ಕಂಡಿಯನ್ನು ಪೂರ್ತಿ ತೆರೆಯುತ್ತಿತ್ತು. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ಎಫ್/4 ಇಟ್ಟೆ. ಗೂಡುಗಳು ಅಂಚಿನವರೆಗೂ ಎಳೆ ಎಳೆಯಾಗಿ ಕಂಡವು! ಎಷ್ಟು ಖುಷಿಯಾಯಿತು ಗೊತ್ತಾ?

ಒಂದು ತೊಡಕಿದೆ. ಎಫ್/1.6ರಿಂದ ಎಫ್/4ಕ್ಕೆ ಹೋದರೆ ಬೆಳಕು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಜಾಸ್ತಿ ಮಾಡಿದರೆ ಚಿತ್ರ ತರಿತರಿಯಾಗುತ್ತದೆ. ಹಾಗಾಗಿ ಹೆಚ್ಚು ಹೊತ್ತು ಬೆಳಕು ಬರಲೆಂದು ಶಟರ್ ನಿಧಾನ ಮಾಡಿ, ಅಲುಗದಂತೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, 2 ಸೆಕೆಂಡ್ ಟೈಮರ್ ಹಾಕಿದೆ.

ನಿಮ್ಮ ಫೋನಿನಲ್ಲಿ ಅಪರ್ಚರ್ ಬದಲಾಗದಿದ್ದರೆ, ಸ್ವಲ್ಪ ಹಿಂದೆ ಸರಿದು 2ಎಕ್ಸ್ ಝೂಮ್‌ನಲ್ಲಿ ತೆಗೆಯಿರಿ. ಮಬ್ಬು ಸಾಕಷ್ಟು ಕಡಿಮೆಯಾಗುತ್ತದೆ.